ಇಲಿಯ ಬೆನ್ನ ಮೇಲೊಂದು ಚಕ್ರ

ಗಣಪನ ಇಲಿಗೆ ಬೆನ್ನ ಮೇಲೆ ಚಕ್ರವಿಲ್ಲ. ಕಂಪ್ಯೂಟರಿನ ಇಲಿಗೂ ಬಹುಕಾಲ ಇರಲಿಲ್ಲ. 1996ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ 'ಇಂಟೆಲಿಮೌಸ್' ಬಂದ ಮೇಲೆ ಎರಡು ಗುಂಡಿಗಳ ನಡುವಿನ ಈ ಪುಟ್ಟ ಚಕ್ರ ಮನೆಮಾತಾಯಿತು. ಬೆರಳಾಡಿಸಿದರೆ ಪುಟ ಸರಿಯುತ್ತದೆ. ನೋಡುವವರಿಗೆ ಇಷ್ಟೇ. ಆದರೆ ಚಕ್ರ ತಿರುಗಿದ ಸುದ್ದಿ ಕಂಪ್ಯೂಟರಿಗೆ ಮುಟ್ಟುವುದು ಹೇಗೆ?

ಅದು ಡ್ರೈವರ್‌ನ ಕೆಲಸ. ಈ ಡ್ರೈವರ್ ಸ್ಟಿಯರಿಂಗ್ ಹಿಡಿಯುವವನಲ್ಲ. ಯಂತ್ರದ ಭಾಷೆಯನ್ನು ಆಪರೇಟಿಂಗ್ ಸಿಸ್ಟಮ್‌ಗೆ ತಿಳಿಸುವ ದುಭಾಷಿ ತಂತ್ರಾಂಶ. ಅಂದಿನ ಪಿಎಸ್/2 ಮೌಸ್ ಪ್ರತಿ ಸಲವೂ ಮೂರೇ ಬೈಟ್‌ಗಳಲ್ಲಿ ವರದಿ ಒಪ್ಪಿಸುತ್ತಿತ್ತು: ಒಂದರಲ್ಲಿ ಗುಂಡಿಗಳ ಸ್ಥಿತಿ, ಇನ್ನೊಂದರಲ್ಲಿ ಅಡ್ಡ ಚಲನೆ, ಮತ್ತೊಂದರಲ್ಲಿ ಉದ್ದ ಚಲನೆ. ಚಕ್ರಕ್ಕೆ ನಾಲ್ಕನೆಯ ಬೈಟ್ ಬೇಕಾಯಿತು. ಮೂರನ್ನೇ ಎಣಿಸುವ ಹಳೆಯ ಡ್ರೈವರ್‌ಗೆ ನಾಲ್ಕು ಕಳಿಸಿದರೆ ಗತಿಯೇನು? ಮೂರು ಡಬ್ಬಿಯ ರೈಲಿಗೆ ಕಾದವನ ಮುಂದೆ ನಾಲ್ಕು ಡಬ್ಬಿಯ ರೈಲುಗಳು ಸಾಲಾಗಿ ಬಂದಂತೆ. ಎರಡನೆಯ ರೈಲಿನಿಂದಲೇ ಲೆಕ್ಕ ತಪ್ಪುತ್ತದೆ. ಬಾಣದ ಗುರುತು ಪರದೆಯ ತುಂಬ ಹುಚ್ಚೆದ್ದು ಕುಣಿಯುತ್ತದೆ, ಒತ್ತದ ಗುಂಡಿ ಒತ್ತಿದಂತಾಗುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯ ಬಲು ಸೊಗಸಾದದ್ದು. ಸೆಕೆಂಡಿಗೆ ಎಷ್ಟು ವರದಿ ಕಳಿಸಬೇಕೆಂದು ಮೌಸ್‌ಗೆ ಹೇಳುವ ಆಜ್ಞೆ ಮೊದಲಿನಿಂದಲೂ ಇತ್ತು. ಹೊಸ ಡ್ರೈವರ್ ಅದನ್ನೇ ಬಳಸಿ ಒಂದರ ಹಿಂದೆ ಒಂದರಂತೆ 200, 100, 80 ಎನ್ನುತ್ತದೆ. ಗೊತ್ತಿದ್ದವರು ಬಾಗಿಲು ತಟ್ಟುವ ಸಂಕೇತದಂತೆ! ಬಳಿಕ 'ನೀನು ಯಾರು?' ಎಂದು ಕೇಳುತ್ತದೆ. ಹಳೆಯ ಮೌಸ್ ಮೂರೂ ಆಜ್ಞೆಗಳನ್ನು ವಿಧೇಯವಾಗಿ ಪಾಲಿಸಿ, ಎಂದಿನಂತೆ '0' ಎನ್ನುತ್ತದೆ. ಚಕ್ರವಿದ್ದ ಮೌಸ್ ಮಾತ್ರ ಗುಟ್ಟು ಅರಿತು '3' ಎಂದು ಉತ್ತರಿಸಿ, ಅಲ್ಲಿಂದ ನಾಲ್ಕು ಬೈಟ್ ಕಳಿಸತೊಡಗುತ್ತದೆ. ಯಾರೂ ತಟ್ಟದಿದ್ದರೆ ಹೊಸದೂ ಹಳೆಯದರಂತೆಯೇ ತೆಪ್ಪಗಿರುತ್ತದೆ. ಹಳಬರ ಮನೆಯಲ್ಲಿ ಹೊಸ ಸೊಸೆ ಇಷ್ಟು ನಾಜೂಕಾಗಿ ನಡೆದುಕೊಂಡದ್ದು ಅಪರೂಪವೇ ಸರಿ.

ಕೆಲಸದ ನಡುವೆ ಮೌಸ್‌ನ ತಂತಿ ಕಿತ್ತು ಮತ್ತೆ ಸಿಕ್ಕಿಸಿದರೆ ಮಾತ್ರ ಪೇಚಾಟ. ಮೌಸ್ ಎಲ್ಲ ಮರೆತು ಮೂರಕ್ಕೆ ಇಳಿದಿರುತ್ತದೆ. ಡ್ರೈವರ್ ನಾಲ್ಕಕ್ಕೇ ಕಾದಿರುತ್ತದೆ.

ಲಿನಕ್ಸ್ ಬಳಸುವವರು ಎಕ್ಸ್‌ಫ್ರೀ86ರಲ್ಲಿ ಬೇರೆ ದಾರಿ ಹಿಡಿದರು. ಚಕ್ರ ಮೇಲಕ್ಕೆ ತಿರುಗಿದರೆ 4ನೆಯ ಗುಂಡಿ ಒತ್ತಿದಂತೆ, ಕೆಳಕ್ಕೆ ತಿರುಗಿದರೆ 5ನೆಯದು ಒತ್ತಿದಂತೆ. ತೇಪೆಯ ಕೆಲಸವೇ, ಆದರೂ ವರ್ಷಗಟ್ಟಲೆ ನಡೆಯಿತು.

ವಿಂಡೋಸ್ ರೂಪಿಸಿದವರು ಚಕ್ರದ ಒಂದು ಹಲ್ಲಿನ ತಿರುವಿಗೆ 1 ಎಂದು ಬರೆಯದೆ 120 ಎಂದು ಬರೆದರು. ಹಲ್ಲಿಲ್ಲದೆ ನುಣುಪಾಗಿ ತಿರುಗುವ ಚಕ್ರ ಮುಂದೆ ಬಂದರೆ ಭಿನ್ನರಾಶಿಯ ಗೋಜಿಲ್ಲದೆ ಅಳೆಯಲೆಂದು ಈ ಏರ್ಪಾಡು. 120 ಅನ್ನು 2, 3, 4, 5, 6, 8ರಿಂದ ಶೇಷವಿಲ್ಲದೆ ಭಾಗಿಸಬಹುದೆಂದು ಶಾಲೆಯ ಮಕ್ಕಳೂ ಬಲ್ಲರು. 2019ರಲ್ಲಿ ಲಿನಕ್ಸ್ 5.0 ಸೂಕ್ಷ್ಮ ಸರಿತಕ್ಕೆ ಅವಕಾಶ ಕೊಟ್ಟಾಗ, ಅಲ್ಲಿಯೂ ಒಂದು ಹಲ್ಲಿಗೆ ಇಟ್ಟ ಬೆಲೆ 120.