ನಗರದ ದೆವ್ವ

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರು ನನ್ನ ಹುಟ್ಟೂರು. ಬಾಲ್ಯದಲ್ಲಿ ರಾತ್ರಿ ಊಟವಾದ ಮೇಲೆ ಅಜ್ಜಿ ಜಗುಲಿಯಲ್ಲಿ ಕುಳಿತು ದೆವ್ವದ ಕಥೆಗಳನ್ನು ಹೇಳುತ್ತಿದ್ದಳು. ಹುಣಸೆಯ ಮರ, ಹಾಳುಬಾವಿ, ಊರಾಚೆಯ ಕತ್ತಲು ಇವೇ ಆ ಕಥೆಗಳ ನೆಲೆ. ಒಮ್ಮೆ ನಾನು ಹೆದರಿ ಸೆರಗು ಹಿಡಿದುಕೊಂಡಾಗ ಅವಳು, “ದೆವ್ವ ಸುಮ್ಸುಮ್ಕೆ ಬರಾಕಿಲ್ಲ ಕಣ ಮಗ, ಯಾರೋ ಮಾಡಿದ ಅನ್ಯಾಯ ಎದ್ದು ಬತ್ತದೆ” ಎಂದಿದ್ದಳು. ಆ ಮಾತಿನ ಅರ್ಥ ಆಗ ನನಗೆ ಹೊಳೆಯಲಿಲ್ಲ.

ಮುಂದೆ ಉದ್ಯೋಗಕ್ಕಾಗಿ ಬೆಂಗಳೂರನ್ನು ಸೇರಿದೆ. ಇರುಳೆಲ್ಲ ದೀಪಗಳು ಉರಿಯುವ ನಗರದಲ್ಲಿ ದೆವ್ವಕ್ಕೆ ಎಡೆಯೆಲ್ಲಿ ಎಂದುಕೊಂಡಿದ್ದೆ. ಆ ನಂಬಿಕೆಯನ್ನು ಅಲುಗಿಸಿದ್ದು 2016ರಲ್ಲಿ ತೆರೆಕಂಡ ‘ಯು ಟರ್ನ್’ ಎಂಬ ಕನ್ನಡ ಚಲನಚಿತ್ರ. ಪವನ್ ಕುಮಾರ್ ಅವರು ಬರೆದು ನಿರ್ದೇಶಿಸಿದ ಈ ಕಥೆಯ ಕೇಂದ್ರ ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆ. ಅವಸರದ ಸವಾರರು ಸೇತುವೆಯ ನಡುವೆ ಸಾಲಾಗಿಟ್ಟ ಕಲ್ಲುಗಳನ್ನು ಸರಿಸಿ, ಅಲ್ಲಿಯೇ ವಾಹನವನ್ನು ತಿರುಗಿಸಿಕೊಂಡು ಹೋಗುತ್ತಾರೆ. ಕಲ್ಲು ಮಾತ್ರ ರಸ್ತೆಯಲ್ಲೇ ಉಳಿಯುತ್ತದೆ. ಪತ್ರಿಕೆಯೊಂದರಲ್ಲಿ ತರಬೇತಿ ಪಡೆಯುತ್ತಿರುವ ತರುಣಿಯೊಬ್ಬಳು ಅಂಥವರನ್ನು ಕುರಿತು ಲೇಖನ ಬರೆಯಲು ಹೊರಡುತ್ತಾಳೆ. ಅವಳು ಗುರುತು ಹಾಕಿಕೊಂಡವರು ಒಬ್ಬೊಬ್ಬರಾಗಿ ಸತ್ತಿರುವುದು ತಿಳಿದುಬರುತ್ತದೆ. ಸರಿಸಿಟ್ಟ ಕಲ್ಲಿನಿಂದ ಪ್ರಾಣ ಕಳೆದುಕೊಂಡ ತಾಯಿಯೊಬ್ಬಳ ಪ್ರೇತವೇ ಆ ಸಾವುಗಳಿಗೆ ಕಾರಣ.

ಚಿತ್ರ ಮುಗಿದು ದೀಪಗಳು ಹೊತ್ತಿಕೊಂಡವು. ನನ್ನ ಅಂಜಿಕೆ ಮಾತ್ರ ಹೋಗಲಿಲ್ಲ. ಅದೇ ವಾರ, ಕೆಲಸಕ್ಕೆ ತಡವಾಯಿತೆಂದು, ಬೇರೊಂದು ರಸ್ತೆಯಲ್ಲಿ ನಾನೂ ಅಂಥದೇ ಕಲ್ಲನ್ನು ನೂಕಿ ಸ್ಕೂಟರನ್ನು ತಿರುಗಿಸಿದ್ದೆ! ಹಿಂದಿರುಗಿ ನೋಡಿರಲಿಲ್ಲ.

ಅಂದು ರಾತ್ರಿಯೇ ಆ ಸ್ಥಳಕ್ಕೆ ಹೋದೆ. ಕಲ್ಲು ತನ್ನ ಜಾಗದಲ್ಲಿತ್ತು, ಯಾರೋ ಎತ್ತಿಟ್ಟಿದ್ದರು. ಅದಕ್ಕೆ ಮೊದಲು ಯಾರಾದರೂ ಅದಕ್ಕೆ ಡಿಕ್ಕಿ ಹೊಡೆದು ಬಿದ್ದಿದ್ದರೇ? ಸಾವಿರಾರು ವಾಹನಗಳು ಹರಿಯುವ ಆ ರಸ್ತೆಯಲ್ಲಿ ನಾನು ಯಾರನ್ನು ಕೇಳಲಿ?

ದೆವ್ವವುಂಟೆಂದು ನಾನು ಇಂದಿಗೂ ನಂಬುವುದಿಲ್ಲ. ಆದರೆ ಅಜ್ಜಿಯ ಮಾತು ಅಂದು ಅರ್ಥವಾಯಿತು. ಹಳ್ಳಿಯಲ್ಲಿ ತಪ್ಪು ಮಾಡಿದವನೂ ನೊಂದವನೂ ಒಂದೇ ಬಾವಿಯ ನೀರನ್ನು ಕುಡಿಯುತ್ತಾರೆ. ಒಬ್ಬರ ಮುಖವನ್ನೊಬ್ಬರು ನೋಡಲೇಬೇಕು. ನಗರದಲ್ಲಿ ಅವರಿಬ್ಬರೂ ಎಂದೂ ಭೇಟಿಯಾಗದಿರಬಹುದು. ಅವರನ್ನು ಎದುರುಬದುರು ನಿಲ್ಲಿಸಲೆಂದೇ ಕಥೆಗಾರನು ದೆವ್ವವನ್ನು ಕರೆತರುತ್ತಾನೆ.

ಆ ಕಲ್ಲಿನ ಮುಂದೆ ಇಂದಿಗೂ ದಿನವೂ ಹೋಗುತ್ತೇನೆ. ಎಷ್ಟೇ ತಡವಾದರೂ ಸುತ್ತುದಾರಿಯನ್ನೇ ಹಿಡಿಯುತ್ತೇನೆ.