ಹಳದಿ ಅಂಗಿ

ಲೋಕದ ತುಂಬ ಗೆದ್ದೆತ್ತಿನ ಬಾಲ ಹಿಡಿಯುವವರೇ ಎಂದು ಹಿರಿಯರು ಹೇಳುತ್ತಿದ್ದರು. ಬಹುಮಟ್ಟಿಗೆ ಅದು ನಿಜವೇ. ಆದರೆ ಫ್ರಾನ್ಸ್ ದೇಶದ ಸೈಕಲ್ ಪಂದ್ಯದ ವಿಷಯದಲ್ಲಿ ಈ ಮಾತು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಅಲ್ಲಿ ಗೆದ್ದವನಿಗೆ ಮೊಟ್ಟೆ, ಉಗುಳು, ಬೈಗುಳ ಸಿಕ್ಕಿದ್ದುಂಟು. ಸೋತವನನ್ನು ಮನೆಮಗನ ಹಾಗೆ ಅರವತ್ತು ವರ್ಷ ಹೊತ್ತು ಮೆರೆಸಿದ್ದೂ ಉಂಟು.

'ಸೈಕಲ್ ತುಳಿಯುವುದನ್ನು ನೋಡುವುದರಲ್ಲಿ ಏನಿದೆ?' ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ಜುಲೈ ತಿಂಗಳಲ್ಲಿ ಮಳೆ ಹಿಡಿದ ಸಂಜೆ ಉತ್ತರಪತ್ರಿಕೆಗಳನ್ನು ಬದಿಗಿಟ್ಟು ಟೂರ್ ದ ಫ್ರಾನ್ಸ್ ನೋಡುವ ಐವತ್ತು ದಾಟಿದ ಹೆಂಗಸು ಅವರಿಗೆ ತಮಾಷೆಯಾಗಿ ಕಾಣುವುದು ಸಹಜ. ನನಗಂತೂ ಸವಾರರಷ್ಟೇ ಕುತೂಹಲ ಅವರನ್ನು ನೋಡಲು ದಾರಿಬದಿಯಲ್ಲಿ ನಿಂತವರ ಮೇಲೆ. ಅವರ ಜಗಳ, ಪಕ್ಷಪಾತ, ಕ್ಷಮೆ, ಕೋಪ ಎಲ್ಲವೂ ನಮ್ಮ ಓಣಿಯ ಜಗುಲಿಯ ಮಾತುಗಳಂತೆಯೇ ಇವೆ.

ಈ ಪಂದ್ಯವನ್ನು 1903ರಲ್ಲಿ ಶುರು ಮಾಡಿದ್ದು 'ಲೋಟೋ' ಎಂಬ ಕ್ರೀಡಾಪತ್ರಿಕೆ. ಉದ್ದೇಶ ಪತ್ರಿಕೆಯ ಮಾರಾಟ. ಆ ಪತ್ರಿಕೆ ಹಳದಿ ಕಾಗದದಲ್ಲಿ ಅಚ್ಚಾಗುತ್ತಿತ್ತು. 1919ರಿಂದ ಮುಂಚೂಣಿಯಲ್ಲಿರುವ ಸವಾರನಿಗೆ ಕೊಡತೊಡಗಿದ ಅಂಗಿಯೂ ಹಳದಿಯೇ. ಈಗ ಮೂರು ವಾರಗಳಲ್ಲಿ ಇಪ್ಪತ್ತೊಂದು ಹಂತ, ಸುಮಾರು 3,400 ಕಿಲೋಮೀಟರು, ನಡುವೆ ಆಲ್ಪ್ಸ್ ಮತ್ತು ಪಿರನೀಸ್ ಬೆಟ್ಟಗಳು. ಎಲ್ಲ ಹಂತಗಳ ಸಮಯ ಕೂಡಿಸಿದಾಗ ಯಾರದು ಕಡಿಮೆಯೋ ಅವನೇ ವಿಜೇತ. ಮೋಸವೂ ಪಂದ್ಯದಷ್ಟೇ ಹಳೆಯದು. ಎರಡನೆಯ ವರ್ಷವೇ, 1904ರಲ್ಲಿ, ಮೊದಲ ನಾಲ್ಕು ಸ್ಥಾನದವರನ್ನೂ ಅಕ್ರಮಕ್ಕಾಗಿ ಹೊರಗೆ ಹಾಕಿ, ಐದನೆಯವನಾಗಿ ಬಂದ ಒಬ್ಬ ಎಳೆಯನಿಗೆ ಗೆಲುವು ಕೊಟ್ಟರು. ಆಗ ರೈಲು ಹತ್ತಿ ಬಂದರೆಂಬ ಆರೋಪವೂ ಇತ್ತು. ಅದೇ ವರ್ಷ ತಮ್ಮೂರಿನ ಸವಾರ ಮುಂದೆ ಹೋಗಲೆಂದು ಜನ ರಾತ್ರಿ ದಾರಿಯಲ್ಲಿ ಅಡ್ಡಗಟ್ಟಿ ಉಳಿದವರನ್ನು ಹೊಡೆದರು. ಅಭಿಮಾನಿಗಳ ಪುರಾಣ ಅಲ್ಲಿಂದಲೇ ಆರಂಭ.

ಈ ಅಭಿಮಾನದ ಸ್ವಭಾವ ತಿಳಿಯಬೇಕಾದರೆ ಝಾಕ್ ಆಂಕ್ತೀಲ್ ಮತ್ತು ರೇಮಂ ಪೂಲಿದೋರ್ ಅವರ ಕಥೆ ಕೇಳಬೇಕು. ಆಂಕ್ತೀಲ್ ಐದು ಸಲ ಟೂರ್ ಗೆದ್ದವನು. ಬಾಚಿದ ಹೊಂಗೂದಲು, ತಣ್ಣನೆಯ ಮುಖ, ಎಷ್ಟು ಬೇಕೋ ಅಷ್ಟೇ ಶ್ರಮ ಹಾಕುವ ಲೆಕ್ಕಾಚಾರ. ಪೂಲಿದೋರ್ ಲಿಮೂಸೆಂ ಕಡೆಯ ಒಕ್ಕಲು ಕುಟುಂಬದ ಹುಡುಗ. ಬಿಸಿಲಿಗೆ ಕಪ್ಪಿಟ್ಟ ಮುಖ, ಸಂಕೋಚದ ನಗೆ. 1964ರಲ್ಲಿ ಪ್ಯುಯ್ ದ ದೋಮ್ ಎಂಬ ಬೆಟ್ಟದ ಏರಿನಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿಕೊಂಡು ಏರಿದರು. ಕೊನೆಗೆ ಪೂಲಿದೋರ್ ಮುಂದೆ ಹೋದ, ಆದರೆ ಸಾಕಾಗಲಿಲ್ಲ. ಪ್ಯಾರಿಸ್ ತಲುಪಿದಾಗ ಆಂಕ್ತೀಲ್ 55 ಸೆಕೆಂಡು ಮುಂದಿದ್ದ. ಪೂಲಿದೋರ್ ಮೂರು ಸಲ ಎರಡನೆಯವನಾದ, ಐದು ಸಲ ಮೂರನೆಯವನಾದ. ಹಳದಿ ಅಂಗಿಯನ್ನು ಒಂದು ದಿನವೂ ತೊಡಲಿಲ್ಲ. ಆದರೂ ಫ್ರಾನ್ಸಿನ ಜನ 'ಪೂಪೂ' ಎಂದು ಮುದ್ದಿನ ಹೆಸರಿಟ್ಟು ಒಪ್ಪಿಕೊಂಡದ್ದು ಅವನನ್ನು. 2019ರಲ್ಲಿ ಅವನು ತೀರಿಕೊಂಡ. 2021ರಲ್ಲಿ ಅವನ ಮಗಳ ಮಗ ಮತ್ಯೂ ವಾನ್ ಡರ್ ಪೂಲ್ ಹಳದಿ ಅಂಗಿ ಗೆದ್ದು, ಗುರಿ ದಾಟುವಾಗ ಆಕಾಶದ ಕಡೆ ಬೆರಳು ತೋರಿಸಿದಾಗ ಎಷ್ಟು ಜನ ಕಣ್ಣೊರೆಸಿಕೊಂಡರೋ!

ಸೋತವನ ಮೇಲೆ ನಮಗೇಕೆ ಇಷ್ಟು ಪ್ರೀತಿ? ಅವನಲ್ಲಿ ನಾವು ನಮ್ಮನ್ನೇ ನೋಡಿಕೊಳ್ಳುತ್ತೇವೆ. ಮನೆಯಲ್ಲಿ, ಕೆಲಸದಲ್ಲಿ ಎಲ್ಲ ಶ್ರಮವನ್ನೂ ಹಾಕಿ ಎರಡನೆಯವರಾಗಿಯೇ ಉಳಿದವರು ನಾವು ಎಷ್ಟು ಜನ ಇಲ್ಲ? ಇದರಲ್ಲಿ ತಪ್ಪಿಲ್ಲ. ತೊಡಕಾಗುವುದು ಪ್ರೀತಿಯನ್ನೇ ನ್ಯಾಯವೆಂದು ತಿಳಿದಾಗ.

ಔಷಧದ ಮಾತಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಆಂಕ್ತೀಲ್ ಉತ್ತೇಜಕಗಳನ್ನು ತೆಗೆದುಕೊಳ್ಳುವುದನ್ನು ಮುಚ್ಚಿಡಲಿಲ್ಲ. ಬರೀ ನೀರು ಕುಡಿದು ಈ ಕೆಲಸ ಸಾಧ್ಯವಿಲ್ಲ ಎಂಬ ಅರ್ಥದಲ್ಲಿ ಬಹಿರಂಗವಾಗಿಯೇ ಮಾತಾಡಿದ. 1966ರಲ್ಲಿ ಟೂರ್‌ನಲ್ಲಿ ಮೊದಲ ಸಲ ಪರೀಕ್ಷೆ ನಡೆಸಿದಾಗ, ಮರುದಿನ ಸವಾರರೆಲ್ಲ ಸೈಕಲ್ಲಿನಿಂದ ಇಳಿದು ನಡೆದು ಪ್ರತಿಭಟಿಸಿದರು. ಸುಮಾರು ಒಂದು ವರ್ಷದ ಮೇಲೆ, 1967ರ ಜುಲೈ 13ರಂದು, ಟಾಮ್ ಸಿಂಪ್ಸನ್ ಎಂಬ ಇಂಗ್ಲಿಷ್ ಸವಾರ ಮಾಂ ವಾಂಟೂ ಬೆಟ್ಟದ ಸುಡುಬಿಸಿಲಿನಲ್ಲಿ ಬಿದ್ದ. ಎಬ್ಬಿಸಿ ಕೂರಿಸಿದರು. ಮತ್ತೆ ಬಿದ್ದವನು ಏಳಲಿಲ್ಲ. ಇಪ್ಪತ್ತೊಂಬತ್ತು ವರ್ಷ. ಜೇಬಿನಲ್ಲಿ ಆಂಫೆಟಮಿನ್ ಮಾತ್ರೆಯ ಕೊಳವೆಗಳಿದ್ದವು. ಆಯಾಸವನ್ನು ಮರೆಸುವ ಮಾತ್ರೆ, ದೇಹ 'ಸಾಕು' ಎಂದು ಕೂಗುವುದನ್ನೂ ಕೇಳಿಸದಂತೆ ಮಾಡುತ್ತದೆ. ಇಂದಿಗೂ ಆ ಏರಿನಲ್ಲಿ ಅವನ ನೆನಪಿನ ಕಲ್ಲಿದೆ. ದಾರಿಹೋಕ ಸೈಕಲ್ ಸವಾರರು ಅಲ್ಲಿ ನೀರಿನ ಬಾಟಲಿ, ಟೋಪಿ ಇಟ್ಟು ಹೋಗುತ್ತಾರೆ. ಅದು ಮೋಸಗಾರನ ಸ್ಮಾರಕವೋ, ಬಲಿಯಾದವನದೋ ಎಂದು ಯಾರಾದರೂ ಕೇಳಿದರೆ ಎರಡೂ ಹೌದು ಎನ್ನಬೇಕಾಗುತ್ತದೆ.

ಎಡ್ಡಿ ಮರ್ಕ್ಸ್ ಎಂಬ ಬೆಲ್ಜಿಯಂ ದೇಶದವನು ಬಂದಾಗ ಜನರಿಗೆ ಬೇರೆಯೇ ಬೇಸರ. ಅವನು ಯಾರಿಗೂ ಏನನ್ನೂ ಬಿಟ್ಟುಕೊಡುತ್ತಿರಲಿಲ್ಲ. ಇನ್ನೊಬ್ಬ ಸವಾರನ ಪುಟ್ಟ ಮಗಳು ಇದನ್ನು ಕೇಳಿ, ಹಾಗಾದರೆ ಅವನು ನರಭಕ್ಷಕ ಎಂದಳಂತೆ. ಆ ಹೆಸರೇ ನಿಂತಿತು. 1975ರಲ್ಲಿ ಒಬ್ಬ ಪ್ರೇಕ್ಷಕ ಅವನ ಹೊಟ್ಟೆಗೆ ಗುದ್ದಿದ. ಆ ವರ್ಷ ಅವನನ್ನು ಸೋಲಿಸಿದ ಬರ್ನಾರ್ ತೆವನೆಯನ್ನು ಫ್ರಾನ್ಸ್ ತಲೆಯ ಮೇಲೆ ಹೊತ್ತಿತು. ಕೆಲವು ವರ್ಷಗಳಲ್ಲೇ ತೆವನೆ ತಾನು ಕಾರ್ಟಿಸೋನ್ ಬಳಸುತ್ತಿದ್ದೆನೆಂದು ಒಪ್ಪಿಕೊಂಡ. ಮರ್ಕ್ಸ್ ಕೂಡ 1969ರಲ್ಲಿ ಇಟಲಿಯ ಪಂದ್ಯದಿಂದ ಪರೀಕ್ಷೆಯಲ್ಲಿ ಸಿಕ್ಕಿ ಹೊರಬಿದ್ದವನೇ. ತಾನು ನಿರಪರಾಧಿ ಎಂದು ಅತ್ತಿದ್ದ. ಯಾರನ್ನು ಎತ್ತುವುದು, ಯಾರನ್ನು ಇಳಿಸುವುದು?

ಕಣ್ಣೀರಿನ ಶಕ್ತಿ ದೊಡ್ಡದು. 1998ರಲ್ಲಿ ಫೆಸ್ಟಿನಾ ತಂಡದ ಕಾರಿನ ತುಂಬ ನಿಷೇಧಿತ ಔಷಧ ಗಡಿಯಲ್ಲಿ ಸಿಕ್ಕಿತು. ಅದರಲ್ಲಿ ಇಪಿಓ ಕೂಡ ಇತ್ತು. ಮೂತ್ರಪಿಂಡದ ರೋಗಿಗಳ ರಕ್ತಹೀನತೆಗೆಂದು ಬಂದ ಔಷಧ ಅದು. ಆರೋಗ್ಯವಂತನು ಚುಚ್ಚಿಕೊಂಡರೆ ಕೆಂಪು ರಕ್ತಕಣಗಳು ಹೆಚ್ಚಿ ಸ್ನಾಯುಗಳಿಗೆ ಆಮ್ಲಜನಕ ಧಾರಾಳ. ಜೊತೆಗೆ ರಕ್ತ ಗಟ್ಟಿಯಾಗಿ ಹೃದಯಕ್ಕೆ ಅಪಾಯ. ತಂಡದ ನಾಯಕ ರಿಶಾರ್ ವಿರಾಂಕ್ ಕ್ಯಾಮರಾಗಳ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ತಾನೇನೂ ಮಾಡಿಲ್ಲವೆಂದು ಎರಡು ವರ್ಷ ಹೇಳಿ, 2000ದಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಆದರೂ ಜನ ಅವನ ಹೆಸರನ್ನು ರಸ್ತೆಯ ಮೇಲೆ ಬಣ್ಣದಲ್ಲಿ ಬರೆಯುವುದನ್ನು ಬಿಡಲಿಲ್ಲ.

ಇದಕ್ಕೆ ಪ್ರತಿಯಾಗಿ ಅವನ ತಂಡದಲ್ಲೇ ಇದ್ದ ಕ್ರಿಸ್ತೋಫ್ ಬಾಸೋಂನನ್ನು ನೋಡಿ. ಇವನೊಬ್ಬನೇ ಔಷಧ ಮುಟ್ಟದವನು ಎಂದು ತಂಡದವರೇ ಸಾಕ್ಷಿ ಹೇಳಿದ್ದರು. 1999ರಲ್ಲಿ ಅವನು ಬೇರೆ ತಂಡದಲ್ಲಿದ್ದುಕೊಂಡು, ಈ ವೇಗ ಸಹಜವಲ್ಲ ಎಂದು ಪತ್ರಿಕೆಯಲ್ಲಿ ಬರೆದ. ಉಳಿದ ಸವಾರರು ಮಾತು ಬಿಟ್ಟರು. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಪಕ್ಕಕ್ಕೆ ಬಂದು, ಮನೆಗೆ ಹೋಗು ಎಂದ. ಅವನು ನಿಜಕ್ಕೂ ಹೋದ. ಪರೀಕ್ಷೆಯ ಕೊಠಡಿಯಲ್ಲಿ ವರ್ಷಗಟ್ಟಲೆ ನಿಂತವಳಿಗೆ ಇದು ಅಪರಿಚಿತವಲ್ಲ. ಹತ್ತು ಮಂದಿ ಚೀಟಿ ಬಿಚ್ಚುವ ಕೊಠಡಿಯಲ್ಲಿ ಎಲ್ಲರ ಸಿಟ್ಟೂ ತಿರುಗುವುದು ಬಿಚ್ಚದೇ ಕೂತ ಹನ್ನೊಂದನೆಯವನ ಮೇಲೆ. ಅವನು ಏನೂ ಹೇಳದಿದ್ದರೂ ಅವನ ಇರುವಿಕೆಯೇ ಚಾಡಿಯಂತೆ ಕಾಣುತ್ತದೆ.

ಆರ್ಮ್‌ಸ್ಟ್ರಾಂಗ್‌ನದು ಎಲ್ಲರಿಗೂ ಗೊತ್ತಿರುವ ಕಥೆ. 1996ರಲ್ಲಿ ಕ್ಯಾನ್ಸರ್, ಆಮೇಲೆ 1999ರಿಂದ 2005ರವರೆಗೆ ಏಳು ಗೆಲುವು. ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಎಷ್ಟೋ ಜನಕ್ಕೆ ಅವನ ಹೆಸರೇ ಧೈರ್ಯವಾಗಿತ್ತು. ಅಂಥವನ ಮೇಲೆ ಆರೋಪ ಮಾಡುವುದೆಂದರೆ ರೋಗಿಗಳ ಆಸೆಯನ್ನೇ ಕಿತ್ತುಕೊಂಡಂತೆ ಎಂದು ಜನ ಭಾವಿಸಿದರು. 2005ರಲ್ಲಿ ಪ್ಯಾರಿಸಿನ ವೇದಿಕೆಯ ಮೇಲೆ ನಿಂತು, ಪವಾಡಗಳನ್ನು ನಂಬದವರ ಬಗ್ಗೆ ಮರುಕವಾಗುತ್ತದೆ ಎಂಬಂತೆ ಅವನು ಮಾತಾಡಿದ.

ಆದರೆ ಈ ಕಥೆಯಲ್ಲಿ ನನಗೆ ಮರೆಯಲಾಗದವರು ಇಬ್ಬರು ಹೆಂಗಸರು. ಎಮ್ಮಾ ಓರೈಲಿ ಐರ್ಲೆಂಡಿನವಳು. ತಂಡದಲ್ಲಿ ಸವಾರರ ಮೈಕೈ ತಿಕ್ಕುವುದು, ಊಟ, ಬಾಟಲಿ, ಚೀಲಗಳ ವ್ಯವಸ್ಥೆ ನೋಡುವುದು ಅವಳ ಕೆಲಸ. ಇಂಥ ಕೆಲಸ ಮಾಡುವವರು ಇದ್ದರೂ ಇಲ್ಲದಂತೆ. ದೊಡ್ಡವರು ಅವರ ಎದುರಿಗೇ ಎಲ್ಲವನ್ನೂ ಮಾತಾಡುತ್ತಾರೆ. ಪರೀಕ್ಷೆಯಲ್ಲಿ ಸಿಕ್ಕಿದ ಔಷಧಕ್ಕೆ ಹಿಂದಿನ ದಿನಾಂಕ ಹಾಕಿ ವೈದ್ಯರ ಚೀಟಿ ಮಾಡಿಸಿದ್ದನ್ನು, ಸೂಜಿಯ ಗುರುತು ಮುಚ್ಚಲು ಮುಖಕ್ಕೆ ಹಚ್ಚುವ ಬಣ್ಣ ಕೇಳಿದ್ದನ್ನು ಅವಳು ಒಬ್ಬ ಪತ್ರಕರ್ತನಿಗೆ ಹೇಳಿದಳು. ಅದು 2004ರಲ್ಲಿ ಪುಸ್ತಕವಾಗಿ ಬಂತು. ಅವಳ ಮೇಲೆ ಮೊಕದ್ದಮೆ ಬಿತ್ತು, ಅವಳ ನಡತೆಯನ್ನೇ ಎಳೆದು ಮಾತಾಡಿದರು. ಇನ್ನೊಬ್ಬಳು ಬೆಟ್ಸಿ ಆಂಡ್ರೂ, ತಂಡದ ಸವಾರನೊಬ್ಬನ ಹೆಂಡತಿ. 1996ರಲ್ಲಿ ಆಸ್ಪತ್ರೆಯ ಕೋಣೆಯಲ್ಲಿ ಆರ್ಮ್‌ಸ್ಟ್ರಾಂಗ್ ತಾನು ತೆಗೆದುಕೊಂಡ ಔಷಧಗಳ ಹೆಸರನ್ನು ವೈದ್ಯರಿಗೆ ಹೇಳಿದ್ದನ್ನು ಕಿವಿಯಾರೆ ಕೇಳಿದೆ ಎಂದು ಪ್ರಮಾಣ ಮಾಡಿ ಹೇಳಿದಳು. ಅವಳನ್ನು ಹುಚ್ಚಿ ಎಂದ.

ಹೆಂಗಸರ ಬಾಯಿ ಮುಚ್ಚಿಸಲು ಎಲ್ಲ ದೇಶಗಳಲ್ಲೂ ಎರಡೇ ಮಾತು ಸಾಕು ನೋಡಿ: ಒಂದು ನಡತೆ ಸರಿಯಿಲ್ಲ, ಇನ್ನೊಂದು ತಲೆ ಸರಿಯಿಲ್ಲ. ಅಂದು ಆ ಮಾತುಗಳಿಗೆ ತಲೆದೂಗಿದ ಅಭಿಮಾನಿಗಳು ದುಷ್ಟರಾಗಿರಲಿಲ್ಲ. ಅವರಿಗೆ ಒಬ್ಬ ನಾಯಕ ಬೇಕಾಗಿದ್ದ. ಹಾಗಾಗಿ ಸಾಕ್ಷಿ ಹೇಳಿದವಳು ಬೇಡವಾದಳು. 2012ರಲ್ಲಿ ಅಮೆರಿಕದ ಔಷಧ ನಿಗ್ರಹ ಸಂಸ್ಥೆಯ ವರದಿ ಬಂದು ಏಳೂ ಗೆಲುವುಗಳು ರದ್ದಾದವು. 2013ರ ಜನವರಿಯಲ್ಲಿ ಟಿವಿಯ ಮುಂದೆ ಅವನೇ ಒಪ್ಪಿಕೊಂಡ. ಎರಡನೆಯ ಸ್ಥಾನದವರಿಗೆ ಕೊಡೋಣವೆಂದರೆ ಅವರಲ್ಲೂ ಹಲವರ ಹೆಸರು ಇಂಥದೇ ಪ್ರಕರಣಗಳಲ್ಲಿತ್ತು. ಆದ್ದರಿಂದ ಪಟ್ಟಿಯಲ್ಲಿ ಆ ಏಳು ವರ್ಷಗಳ ಎದುರಿಗೆ ಯಾರ ಹೆಸರೂ ಇಲ್ಲ.

ಮೋಸ ಹೋದವರು ಆಮೇಲೆ ಎಲ್ಲರನ್ನೂ ಅನುಮಾನಿಸುತ್ತಾರೆ. 2012ರಿಂದ 2019ರವರೆಗಿನ ಎಂಟು ಟೂರ್‌ಗಳಲ್ಲಿ ಏಳನ್ನು ಗೆದ್ದದ್ದು ಸ್ಕೈ ಎಂಬ ಇಂಗ್ಲಿಷ್ ತಂಡ. ಕೊನೆಯ ವರ್ಷ ಅದಕ್ಕೆ ಇನಿಯಾಸ್ ಎಂಬ ಹೆಸರಾಗಿತ್ತು. ಕೈತುಂಬ ದುಡ್ಡು, ಒಳ್ಳೆಯ ಏರುಗಾರರನ್ನೆಲ್ಲ ಕೊಂಡು ತಂದ ಬಲ. ಮುಂದಿನವನ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿಯ ತಡೆ ಕಡಿಮೆಯಾಗಿ ಎಷ್ಟೋ ಶ್ರಮ ಉಳಿಯುತ್ತದೆ. ಅದಕ್ಕೇ ಬಲವಾದ ತಂಡವಿದ್ದವನನ್ನು ಸೋಲಿಸುವುದು ಕಷ್ಟ. 2015ರಲ್ಲಿ ಅವರ ನಾಯಕ ಕ್ರಿಸ್ ಫ್ರೂಮ್ ಮೇಲೆ ಒಬ್ಬ ಮೂತ್ರ ಎರಚಿದ. 2017ರಲ್ಲಿ ಆಸ್ತಮಾ ಔಷಧವೊಂದು ಮಿತಿಗಿಂತ ಹೆಚ್ಚು ಕಂಡಿತೆಂದು ವಿಚಾರಣೆಯಾಗಿ, 2018ರಲ್ಲಿ ಅವನ ತಪ್ಪಿಲ್ಲವೆಂದು ತೀರ್ಮಾನವಾಯಿತು. ಅಷ್ಟಾದರೂ ಅವನು ಪೂಪೂ ಆಗಲಿಲ್ಲ. ಅತ್ತ ವಿರಾಂಕ್‌ಗೆ ಕ್ಷಮೆ, ದೋಷಮುಕ್ತನಾದವನಿಗೆ ಬೈಗುಳ. ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿಗೆ ಕಟ್ಟಿದ್ದರ ಫಲ ಇದು. ಇವನ ಸ್ವಭಾವ ಇಷ್ಟವೇ ಎಂಬುದು ಒಂದು. ಇವನ ತಂಡ ಅತಿಯಾಗಿ ಗೆಲ್ಲುತ್ತಿದೆಯೇ ಎಂಬುದು ಇನ್ನೊಂದು. ಇವನು ಮೋಸ ಮಾಡಿದ್ದಾನೆಯೇ ಎಂಬುದು ಮೂರನೆಯದು. ಮೊದಲನೆಯದಕ್ಕೆ ನಮ್ಮ ಮನಸ್ಸು ಉತ್ತರ ಹೇಳಬಹುದು, ಎರಡನೆಯದಕ್ಕೆ ಲೆಕ್ಕ. ಮೂರನೆಯದಕ್ಕೆ ಸಾಕ್ಷಿಯೇ ಬೇಕು. ನಗದ ಸೊಸೆಯೆಲ್ಲ ಕೆಟ್ಟವಳು, ನಯವಾಗಿ ಮಾತಾಡುವವನೆಲ್ಲ ಸಜ್ಜನ ಎಂದು ನಮ್ಮ ಓಣಿಗಳಲ್ಲಿ ಆಗುವ ತೀರ್ಪೂ ಹೀಗೆಯೇ ಅಲ್ಲವೇ?

ತಂಡದ ನಾಯಕನಿಗಾಗಿ ಗಾಳಿಗೆ ಎದೆಕೊಟ್ಟು, ನೀರು ತಂದುಕೊಟ್ಟು ದುಡಿಯುವವನಿಗೆ ಫ್ರೆಂಚಿನಲ್ಲಿ 'ದೊಮೆಸ್ತೀಕ್' ಎನ್ನುತ್ತಾರೆ. ಮನೆಯಾಳು ಎಂದೇ ಅರ್ಥ. ಸೆಪ್ ಕುಸ್ ಎಂಬ ಅಮೆರಿಕದ ಹುಡುಗ ಹಾಗೆ ದುಡಿದವನು. 2023ರಲ್ಲಿ ಅವನ ಯುಂಬೋ-ವಿಸ್ಮಾ ತಂಡ ಇಟಲಿ, ಫ್ರಾನ್ಸ್, ಸ್ಪೇನ್ ಮೂರೂ ದೊಡ್ಡ ಪಂದ್ಯಗಳನ್ನು ಗೆದ್ದಿತು. ಸ್ಪೇನಿನಲ್ಲಿ ಮುಂಚೂಣಿಯ ಕೆಂಪು ಅಂಗಿ ಕುಸ್‌ಗೆ ಸಿಕ್ಕಿತು. ಆದರೆ ಅಂಗ್ಲಿರು ಬೆಟ್ಟದಲ್ಲಿ ಅವನ ತಂಡದ ಇಬ್ಬರು ನಾಯಕರು, ರೋಗ್ಲಿಚ್ ಮತ್ತು ವಿಂಗೆಗೋ, ಅವನನ್ನು ಹಿಂದೆ ಬಿಟ್ಟು ಹೊರಟೇಹೋದರು. ಉಳಿದದ್ದು ಎಂಟೇ ಸೆಕೆಂಡು. ಲೋಕದ ಅಭಿಮಾನಿಗಳೆಲ್ಲ ರೇಗಿಬಿದ್ದರು: ವರ್ಷವಿಡೀ ನಿಮಗಾಗಿ ದುಡಿದವನಿಗೆ ಒಂದು ಸಲ ಬಿಟ್ಟುಕೊಡಬಾರದೇ? ಮರುದಿನದಿಂದ ನಾಯಕರಿಬ್ಬರೂ ಅವನ ಜೊತೆಗೆ ನಿಂತರು, ಕುಸ್ ಗೆದ್ದ. ಅಭಿಮಾನಿಗಳ ಗಲಾಟೆಗೆ ನಾನು ಮನಸಾರೆ ದನಿಗೂಡಿಸಿದ್ದು ಆಗ. ಬಿಟ್ಟುಕೊಟ್ಟ ಗೆಲುವು ಗೆಲುವೇ ಅಲ್ಲ ಎಂದು ವಾದಿಸಿದವರೂ ಇದ್ದರು. ಅವರ ಮಾತಿನಲ್ಲೂ ಹುರುಳಿದೆ. ಆದರೆ ಅಡುಗೆಮನೆಯಲ್ಲಿ ದುಡಿದವಳಿಗೆ ಒಂದು ದಿನ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿದರೆ ಅದನ್ನು ಭಿಕ್ಷೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಸ್ಲೊವೇನಿಯಾದ ತಾದೆಯ್ ಪೊಗಾಚಾರ್ 2020, 2021, 2024 ಮತ್ತು 2025ರಲ್ಲಿ ಟೂರ್ ಗೆದ್ದ. 2024ರಲ್ಲಿ ಇಟಲಿಯ ಪಂದ್ಯ, ಟೂರ್, ವಿಶ್ವಪಟ್ಟ ಮೂರನ್ನೂ ಒಂದೇ ವರ್ಷ ಗೆದ್ದ. ಅವನಿಗಿಂತ ಮುಂಚೆ ಆ ಸಾಧನೆ ಮಾಡಿದವರು ಮರ್ಕ್ಸ್ ಮತ್ತು ಸ್ಟೀಫನ್ ರೋಶ್ ಇಬ್ಬರೇ. ನಗುಮುಖದ ಹುಡುಗ, ನೋಡಿದರೆ ಹಿಡಿಸುತ್ತಾನೆ. ಹಿಡಿಸುವವನು ಮೋಸ ಮಾಡಲಾರ ಎಂದು ಕೆಲವರು. ಇಷ್ಟು ವೇಗ ಕಂಡಾಗಲೆಲ್ಲ ಹಿಂದೆ ಏನಾಗಿತ್ತು ಮರೆತಿರಾ ಎಂದು ಕೆಲವರು. ಅವನ ಮೇಲೆ ಯಾವ ದೋಷವೂ ಸಾಬೀತಾಗಿಲ್ಲ. ಹಾಗಾಗಿ ನಾನು ಅನುಮಾನದ ಕಲ್ಲು ಎಸೆಯಲಾರೆ, ದೇವರ ಪಟದ ಪಕ್ಕ ಕೂರಿಸಲೂ ಆರೆ. ಅವನು ಏರು ಹತ್ತುವುದನ್ನು ನೋಡಿ ಸಂತೋಷಪಡುತ್ತೇನೆ. ಆದರೆ ನಾಳೆ ಯಾರಾದರೂ ಮೈ ತಿಕ್ಕುವವಳು, ಬಾಟಲಿ ತುಂಬುವವಳು ಬಂದು, ಯಾರ ಬಗ್ಗೆಯೇ ಆಗಲಿ, ತಾನು ಕಂಡದ್ದನ್ನು ಹೇಳಿದರೆ ಮೊದಲು ಅವಳ ಮಾತನ್ನು ಪೂರ್ತಿ ಕೇಳಬೇಕು. ಒಬ್ಬ ಆಟಗಾರನನ್ನು ಮೆಚ್ಚಲು ಅದಕ್ಕಿಂತ ದೊಡ್ಡ ಬೆಲೆ ಕೊಡಬೇಕಾಗಿಲ್ಲ.