ಹರಪನಹಳ್ಳಿ ಯಾವ ಜಿಲ್ಲೆ?

ಸುದ್ದಿಯ ಮೊದಲ ಪದ ಊರಿನ ಹೆಸರು. ಜಿಲ್ಲೆಯಲ್ಲಿ ಬಿಡಿ ಸುದ್ದಿ ಕಳಿಸುವ ನಮ್ಮಂಥವರ ಹೆಸರು ಅಚ್ಚಾಗದಿದ್ದರೂ ಊರಿನ ಹೆಸರು ಅಚ್ಚಾಗುತ್ತದೆ, ಅಷ್ಟು ಸಮಾಧಾನ. ವೆಬ್‌ಸೈಟಿಗೆ ಹೋದ ಮೇಲೆ ಅದೂ ಲೆಕ್ಕಕ್ಕಿಲ್ಲ ಎಂಬುದು ನಮಗೆ ತಿಳಿದದ್ದು ಹಳೆಯ ಬರದ ವರದಿಗಳನ್ನು ಹುಡುಕಲು ಕೂತಾಗ.

ಹರಪನಹಳ್ಳಿಯನ್ನೇ ತೆಗೆದುಕೊಳ್ಳಿ. ಬಳ್ಳಾರಿಯಲ್ಲಿದ್ದ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. 371ಜೆ ಸೌಲಭ್ಯ ಬೇಕೆಂದು ಹೋರಾಟ ನಡೆದು ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಅದಕ್ಕೆ ಸೇರಿತು. ಊರು ಮಾತ್ರ ಒಂದು ಗೇಣೂ ಕದಲಲಿಲ್ಲ. ಈಗ ಯಾರಾದರೂ 'ವಿಜಯನಗರ ಜಿಲ್ಲೆ, ಬರ' ಎಂದು ಹುಡುಕಿದರೆ ದಾವಣಗೆರೆ ಹೆಸರಿನಲ್ಲಿ ಬರೆದ ವರದಿಗಳು ಸಿಗುವುದಿಲ್ಲ. ಬೆಂಗಳೂರಿನ ವಿಜಯನಗರದ ನೀರಿನ ಸಮಸ್ಯೆ ಸಿಗುತ್ತದೆ, ಕೃಷ್ಣದೇವರಾಯ ಸಿಗುತ್ತಾನೆ.

ಯಂತ್ರಕ್ಕೆ ಅಕ್ಷರ ಕಾಣುತ್ತದೆ, ಅರ್ಥ ಕಾಣುವುದಿಲ್ಲ. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ ಮತ್ತಿಬ್ಬರು 2001ರಲ್ಲಿ 'ಸೆಮ್ಯಾಂಟಿಕ್ ವೆಬ್' ಎಂದು ಬರೆದದ್ದು ಇದಕ್ಕೇ. ಪುಟದ ಜೊತೆ ಆ ಪುಟದ ವಿವರವನ್ನೂ ಯಂತ್ರ ಓದುವ ಹಾಗೆ ಇಡಬೇಕು ಎಂಬುದು ಅವರ ಮಾತು. ಆ ವಿವರ ಬರೆಯುವ ಆರ್‌ಡಿಎಫ್ ಎಂಬ ಪದ್ಧತಿ ಕೇಳಲು ಕಷ್ಟ, ನೋಡಿದರೆ ಹೈಸ್ಕೂಲಿನ ಕರ್ತೃ, ಕರ್ಮ, ಕ್ರಿಯಾಪದದ ಪಾಠ. ಪ್ರತಿ ಸಂಗತಿಗೂ ಮೂರೇ ತುಂಡು: ಹರಪನಹಳ್ಳಿ – ಇರುವ ಜಿಲ್ಲೆ – ವಿಜಯನಗರ. ಇಲ್ಲಿ 'ವಿಜಯನಗರ' ಬರೀ ಪದವಲ್ಲ, ಅದಕ್ಕೊಂದು ಗುರುತು ಇರುತ್ತದೆ. ವಿಕಿಡೇಟಾದಲ್ಲಿ ಬೆಂಗಳೂರಿಗೆ ಕ್ಯೂ1355 ಎಂಬ ಸಂಖ್ಯೆ; ಬ್ಯಾಂಗಲೋರ್ ಎನ್ನಿ, ಬೆಂಗಳೂರು ಎನ್ನಿ, ಸಂಖ್ಯೆ ಬದಲಾಗದು. 2014ರಲ್ಲಿ ಗುಲ್ಬರ್ಗ ಕಲಬುರಗಿಯಾದಾಗಲೂ ಅಷ್ಟೆ. ಇನ್ನೂ ಒಳ್ಳೆಯದೆಂದರೆ, ಯಾವ ಜಿಲ್ಲೆಯಲ್ಲಿ ಎಂದಿನಿಂದ ಎಂದಿನವರೆಗೆ ಇತ್ತು ಎಂದು ಬರೆಯಲೂ ಅಲ್ಲಿ ಜಾಗವಿದೆ. ಹರಪನಹಳ್ಳಿಯಂಥ ಊರಿಗೆ ಹೇಳಿ ಮಾಡಿಸಿದ ಏರ್ಪಾಡು.

ಹೀಗೆ ಬರೆದದ್ದನ್ನು ಕೇಳುವ ಭಾಷೆ ಸ್ಪಾರ್ಕಲ್. ನಾವು ಪ್ರಶ್ನಾರ್ಥಕ ಚಿಹ್ನೆಯನ್ನು ವಾಕ್ಯದ ಕೊನೆಗೆ ಹಾಕಿದರೆ, ಅಲ್ಲಿ ಗೊತ್ತಿಲ್ಲದ ಪದದ ಮುಂದೆಯೇ ಹಾಕಬೇಕು. ಈ ಜಿಲ್ಲೆಯೊಳಗಿನ ಕೆರೆಗಳೆಲ್ಲ ಯಾವುವು ಎಂದು ಕೇಳಬಹುದು. ಉತ್ತರ ಮಾತ್ರ ಯಾರೋ ತುಂಬಿದಷ್ಟೇ. ನಮ್ಮ ಕಡೆಯ ಎಷ್ಟೋ ಕೆರೆಗಳು ಅಲ್ಲಿಲ್ಲ. ಇರುವ ಕೆಲವಕ್ಕೆ ಕನ್ನಡದ ಹೆಸರಿನ ಜಾಗ ಖಾಲಿ.

ಇನ್ನು ಸುದ್ದಿಪುಟಗಳ ಕಥೆ. ಗೂಗಲ್, ಬಿಂಗ್, ಯಾಹೂ ಸೇರಿ 2011ರಲ್ಲಿ ಸ್ಕೀಮಾ ಡಾಟ್ ಆರ್ಗ್ ಎಂಬ ಪದಪಟ್ಟಿ ಮಾಡಿದವು. ಸುದ್ದಿಯಾದರೆ ಬರೆದವರು ಯಾರು, ಪ್ರಕಟವಾದ ದಿನ ಯಾವುದು, ತಿದ್ದಿದ ದಿನ ಯಾವುದು, ಸುದ್ದಿ ಯಾವ ಊರಿನದು, ಎಲ್ಲಕ್ಕೂ ಅದರಲ್ಲಿ ಹೆಸರಿದೆ. ಓದುಗರಿಗೆ ಕಾಣದ ಹಾಗೆ ಪುಟದ ಒಳಗೆ ಕೂತಿರುತ್ತದೆ. ಕಂಪ್ಯೂಟರಿನಲ್ಲಿ ಕಂಟ್ರೋಲ್ ಯು ಒತ್ತಿದರೆ ನೋಡಬಹುದು. ನಾವೂ ಒತ್ತಿ ನೋಡಿದೆವು. ನಾವು ಕಳಿಸಿದ ವರದಿಯ 'ಬರೆದವರು' ಜಾಗದಲ್ಲಿ ಪತ್ರಿಕೆಯ ಹೆಸರಿತ್ತು. ಅದಿರಲಿ, ರೂಢಿಯಾಗಿದೆ. ಊರಿನ ಜಾಗವೇ ಇರಲಿಲ್ಲ. 'ಪ್ರಕಟವಾದ ದಿನ' ಎಂಬಲ್ಲಿ ಹಳೆಯ ವೆಬ್‌ಸೈಟಿನಿಂದ ಹೊಸದಕ್ಕೆ ಸಾಗಿಸಿದ ದಿನ ಕೂತಿತ್ತು. ಎಂದೋ ಒಣಗಿದ ಮೆಕ್ಕೆಜೋಳ ಯಂತ್ರದ ಲೆಕ್ಕದಲ್ಲಿ ಬೇರೊಂದು ವರ್ಷ ಒಣಗಿತ್ತು.

ಇದು ಚಿಕ್ಕ ವಿಷಯವಲ್ಲ. ಬೆಳೆ ಪರಿಹಾರದ ಅರ್ಜಿ ಹಿಡಿದು ವರ್ಷಗಟ್ಟಲೆ ಅಲೆಯುವ ರೈತರು 'ಆವಾಗ ಪೇಪರ್‌ನಾಗ ಬಂದಿತ್ತಲ್ರೀ, ತೆಗೆದುಕೊಡ್ರಿ' ಎಂದು ನಮ್ಮ ಹತ್ತಿರ ಬರುತ್ತಾರೆ. ಅವರ ಕೈಯಲ್ಲಿರುವ ಸಾಕ್ಷಿ ಆ ಕತ್ತರಿಸಿದ ಹಾಳೆಯೊಂದೇ. ಅದು ಕಳೆದರೆ, ವೆಬ್‌ಸೈಟಿನಲ್ಲಿ ತಾರೀಖು ತಪ್ಪಿದ್ದರೆ, ಅವರು ತೋರಿಸುವುದಾದರೂ ಏನನ್ನು?

ಡೆಸ್ಕಿಗೆ ಹೇಳಿದೆವು. ಅದೆಲ್ಲ ಟೆಕ್ನಿಕಲ್ ಟೀಮ್ ನೋಡಿಕೊಳ್ಳುತ್ತದೆ ಎಂದರು. ಟೆಕ್ನಿಕಲ್ ಟೀಮ್‌ಗೆ ಹರಪನಹಳ್ಳಿ ಯಾವ ಜಿಲ್ಲೆಯಲ್ಲಿ ಎಂದಿನವರೆಗೆ ಇತ್ತು ಎಂದು ಹೇಳುವವರು ಯಾರು? ಅದು ಗೊತ್ತಿರುವುದು ಇಲ್ಲೇ ಇರುವವರಿಗೆ.

ಹಾಗಾಗಿ ಈಗ ನಾವು ಕಳಿಸುವ ಪ್ರತಿ ವರದಿಯ ಅಡಿಯಲ್ಲಿ ಐದು ಸಾಲು ಸೇರಿಸುತ್ತೇವೆ: ಊರು, ಅಂದಿನ ತಾಲ್ಲೂಕು ಮತ್ತು ಜಿಲ್ಲೆ, ಘಟನೆ ನಡೆದ ದಿನ, ಕಳಿಸಿದ ದಿನ, ಬರೆದವರು. ಡೆಸ್ಕಿನಲ್ಲಿ ಅವು ಅಳಿಸಿಹೋಗುತ್ತವೆ. ಅವುಗಳ ಪ್ರತಿ ನಮ್ಮ ಎಕ್ಸೆಲ್ ಹಾಳೆಯಲ್ಲಿ ಇರುತ್ತದೆ. ಮಳೆಗಾಲ ಶುರುವಾಗುವಷ್ಟರಲ್ಲಿ ತಾಲ್ಲೂಕಿನ ಕೆರೆಗಳನ್ನು ಕನ್ನಡದ ಹೆಸರಿನೊಂದಿಗೆ ವಿಕಿಡೇಟಾಕ್ಕೆ ಹಾಕಬೇಕೆಂದು ಪಟ್ಟಿ ಮಾಡುತ್ತಿದ್ದೇವೆ. ಒಂದೇ ಕೆರೆಗೆ ಎರಡು ಊರಿನವರು ಎರಡು ಹೆಸರು ಹೇಳುತ್ತಿರುವುದರಿಂದ ಸದ್ಯ ಅಲ್ಲಿಗೇ ನಿಂತಿದೆ.